ಪಕ್ಕದ ಸೀಟಿನ ತಲೆ

ಶೆಲ್ಬಿ ಕೋಬ್ರಾ ಕಾರಿನ ಫೋಟೋ ನೋಡಿದವರಿಗೆ ಮೂರು ವಿಷಯ ನೆನಪಿರುತ್ತೆ: ಉಬ್ಬಿದ ಮಡ್‌ಗಾರ್ಡು, ಮೂತಿಯಿಂದ ಬಾಲದವರೆಗೆ ಎಳೆದ ಎರಡು ಬಿಳಿ ಪಟ್ಟಿ, ಡ್ರೈವರ್ ಬೆನ್ನ ಹಿಂದೆ ಬಳೆಯ ಹಾಗೆ ಎದ್ದು ನಿಂತ ಒಂದು ಕೊಳವೆ. ಆ ಕೊಳವೆಯೇ ರೋಲ್ ಬಾರ್. ತೆರೆದ ಕಾರು ಮಗುಚಿದರೆ ತಲೆ ನೆಲಕ್ಕೆ ಜಜ್ಜದಿರಲಿ ಅಂತ ಇರೋದು. ಇವತ್ತು ಅಮೆರಿಕ, ಇಂಗ್ಲೆಂಡಿನ ರಸ್ತೆಗಳಲ್ಲಿ ಓಡುವ ಕೋಬ್ರಾಗಳಲ್ಲಿ ಹೆಚ್ಚಿನವು ನಕಲು, ಅದರಲ್ಲೂ ಎಷ್ಟೋ ಕಿಟ್ ತರಿಸಿ ಮನೆ ಗ್ಯಾರೇಜಿನಲ್ಲಿ ಜೋಡಿಸಿದವು. ನಕಲಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಆ ಬಳೆಯದ್ದು.

ಅಸಲಿ ಕಾರಿನಲ್ಲಿ ಅದು ಹಾಗೇಕಿತ್ತು ನೋಡಿ. 1965ರಲ್ಲಿ ಕ್ಯಾರೊಲ್ ಶೆಲ್ಬಿ ರೇಸಿಗೆ ಅಂತ 427 ಕೋಬ್ರಾ ಕಟ್ಟಿಸಿದರು. ಎಫ್‌ಐಎ ಮಾನ್ಯತೆಗೆ 100 ಕಾರು ಬೇಕಿತ್ತು, ಅಷ್ಟು ಆಗಲಿಲ್ಲ. ಉಳಿದ ರೇಸ್ ಕಾರುಗಳನ್ನೇ ಅಷ್ಟಿಷ್ಟು ಬದಲಿಸಿ 'ಎಸ್/ಸಿ', ಅಂದ್ರೆ ಸೆಮಿ-ಕಾಂಪಿಟಿಷನ್, ಅಂತ ರಸ್ತೆಗೆ ಮಾರಿದರು. ರೇಸಲ್ಲಿ ಕೂರೋದು ಒಬ್ಬನೇ, ಹಾಗಾಗಿ ಬಳೆಯೂ ಒಬ್ಬನಿಗೇ. ನಕಲು ಕೋಬ್ರಾ ಭಾನುವಾರ ಬೆಳಿಗ್ಗೆ ಹೊರಡೋದು ಹಾಗಲ್ಲವಲ್ಲ. ಪಕ್ಕದಲ್ಲಿ ಹೆಂಡತಿಯೋ ಮಗಳೋ ಇರ್ತಾರೆ. ಅವರ ತಲೆಯ ಹಿಂದೆ ಬರೀ ಗಾಳಿ.

ಬಳೆ ಇರುವ ಕಡೆಯಾದರೂ ನೆಟ್ಟಗಿರುತ್ತಾ? ಕೆಲವು ಕಾರಲ್ಲಿ ಅದರ ಕಾಲು ಚಾಸಿಗೆ ಮುಟ್ಟೋದೇ ಇಲ್ಲ. ಫೈಬರ್‌ಗ್ಲಾಸ್ ಮೈಗೋ ತೆಳು ತಗಡಿಗೋ ಬೋಲ್ಟ್ ಹಾಕಿ, ಮೇಲೆ ಕ್ರೋಮ್ ಮಿಂಚಿಸಿ ಬಿಟ್ಟಿರ್ತಾರೆ. ಒಂದು ಗ್ರಾಂ ಚಿನ್ನದ ಸರ ಹಾಕ್ಕೊಂಡು ಮದುವೆಗೆ ಹೋದ್ರೆ ಯಾರಿಗೂ ನಷ್ಟವಿಲ್ಲ. ಒಂದು ಗ್ರಾಂ ರೋಲ್ ಬಾರ್ ನಂಬಿ ಟ್ರ್ಯಾಕಿಗೆ ಇಳಿಯೋದು ಬೇರೆ ಮಾತು. ಎಫ್‌ಐಎ ನಿಯಮ ಕೇಳೋದು ಮುಖ್ಯ ಬಳೆಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ ಗೋಡೆಯಿರುವ, ಬೆಸುಗೆಯ ಗೆರೆಯಿಲ್ಲದ ಉಕ್ಕಿನ ಕೊಳವೆ. ಹಿಂದಕ್ಕೆ ಕೊಡುವ ಆನಿಕೆಗಳು ನೇರವಾಗಿರಬೇಕು, ಲಂಬದಿಂದ ಕನಿಷ್ಠ 30 ಡಿಗ್ರಿ ಓರೆಯಾಗಿರಬೇಕು. ಆನಿಕೆ ಇಲ್ಲದ ಬಳೆ ಮಗುಚಿದ ಭಾರಕ್ಕೆ ಹಿಂದಕ್ಕೋ ಮುಂದಕ್ಕೋ ಮಡಚಿಕೊಳ್ಳುತ್ತೆ.

ಎತ್ತರದ ಕಥೆ ಇನ್ನೂ ತಮಾಷೆ. ಫೋಟೋದಲ್ಲಿ ಇರೋ ಹಾಗೇ ಮಾಡಿಸಿದ ಬಳೆ, ಮೆತ್ತನೆ ಸೀಟಲ್ಲಿ ಕೂತ ಆರಡಿ ಆಳಿನ ಕಿವಿ ಮಟ್ಟಕ್ಕೆ ನಿಂತುಬಿಡಬಹುದು. ಬೇಕಿರೋದು ಹೆಲ್ಮೆಟ್ಟಿಗಿಂತ ಎರಡು ಇಂಚಾದರೂ ಮೇಲೆ. ಏರಿಸಿದ್ರೆ ಶುದ್ಧಾಚಾರಿಗಳು ಮುಖ ಸಿಂಡರಿಸ್ತಾರೆ, 'ಲುಕ್ಕೇ ಹೋಯ್ತು' ಅಂತ. ಅಲ್ಲಾ ಸ್ವಾಮಿ, ಅದೇ ಕಾರಿಗೆ ಪವರ್ ಸ್ಟೀರಿಂಗ್ ಹಾಕಿದಾಗ, ಫ್ಯೂಯಲ್ ಇಂಜೆಕ್ಷನ್ ಹಾಕಿದಾಗ 1965 ಎಲ್ಲಿ ಹೋಗಿತ್ತು?

ನನಗೆ ಇಷ್ಟವಾಗೋದು ಧೈರ್ಯವಾಗಿ ಫೋಟೋ ಕೆಡಿಸಿದ ಕಾರುಗಳು. ಎರಡೂ ಸೀಟಿನ ಹಿಂದೆ ಒಂದೇ ಅಗಲದ ಬಳೆ, ಅದರೊಳಗೆ ಓರೆಯಾಗಿ ಒಂದು ಕೊಳವೆ, ಭುಜದ ಮಟ್ಟದಲ್ಲಿ ಬೆಲ್ಟ್ ಕಟ್ಟೋಕೆ ಅಡ್ಡಪಟ್ಟಿ, ಡಿಕ್ಕಿಯ ಮೇಲ್ಮೈಗೆ ತೂತು ಕೊರೆದು ಚಾಸಿಯವರೆಗೆ ಇಳಿದ ಆನಿಕೆಗಳು. ಡಿಕ್ಕಿಯಲ್ಲಿ ಜಾಗ ಹೋಗುತ್ತೆ, ನಿಜ. ಇನ್ನೊಂದು ತೊಡಕೂ ಇದೆ: ಹೆಲ್ಮೆಟ್ ಇಲ್ಲದೆ ಪೇಟೆಯಲ್ಲಿ ಓಡಿಸುವಾಗ ಹಿಂದಿನಿಂದ ಯಾರಾದರೂ ಗುದ್ದಿದ್ರೆ ಅದೇ ಉಕ್ಕು ತಲೆಗೆ ಬಡಿಯಬಹುದು. ಅದಕ್ಕೆ ಗಟ್ಟಿ ಫೋಮ್ ಸುತ್ತಬೇಕು, ಆಗ ಕ್ರೋಮ್ ಮುಚ್ಚಿಹೋಗುತ್ತೆ. ಹೋಗ್ಲಿ ಬಿಡಿ.

ಮಾಲೀಕರು ಬಾನೆಟ್ ಎತ್ತಿ ಇಂಜಿನ್ ತೋರಿಸೋಕೆ ಯಾವಾಗಲೂ ರೆಡಿ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ತೋರಿಸಿ ಅಂತ ಕೇಳಿ ನೋಡಿ.