ಬಿಲ್ಲೆಯ ಬೆನ್ನು, ಬಿಲ್ಲೆಯ ಅಂಚು

ಅಮೆರಿಕದ ಸ್ವಾತಂತ್ರ್ಯಯುದ್ಧದ ಕಾಲದ ಸೇನಾ ಬಿಡಾರಗಳ ನೆಲದಲ್ಲಿ ಮುಖವೂ ಇಲ್ಲದ, ಅಕ್ಷರವೂ ಇಲ್ಲದ ತಾಮ್ರದ ಬಿಲ್ಲೆಗಳು ಸಿಗುವುದುಂಟು. ಸಂಗ್ರಾಹಕರಿಗೆ ಅವುಗಳ ಮೇಲೆ ಎಲ್ಲಿಲ್ಲದ ಮೋಹ. ಸೈನಿಕರೇ ಕುಟ್ಟಿಕೊಂಡ ಟೋಕನ್ ಎಂದು ಚೀಟಿ ಅಂಟಿಸಿದರೆ ಬೆಲೆಯೂ ಏರುತ್ತದೆ. ನಾನಂತೂ ಟೋಕನ್ ಎಂಬ ಊಹೆಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ತಕ್ಕಡಿ. ಬ್ರಿಟನ್ನಿನ ಎರಡನೆಯ, ಮೂರನೆಯ ಜಾರ್ಜ್ ದೊರೆಗಳ ಅರ್ಧ ಪೆನ್ನಿಗಳನ್ನು ಒಂದು ಪೌಂಡು ತಾಮ್ರಕ್ಕೆ 46ರಂತೆ ಟಂಕಿಸುತ್ತಿದ್ದರು. ಒಂದೊಂದೂ ಹತ್ತಿರ ಹತ್ತಿರ 9.9 ಗ್ರಾಂ, ಅಡ್ಡಳತೆ 28-29 ಮಿ.ಮೀ. ಬಿಲ್ಲೆ ಅಗಲದಲ್ಲಿ ಇದಕ್ಕೆ ಹೊಂದಿ, ತೂಕದಲ್ಲಿ ಒಂದೆರಡು ಗ್ರಾಂ ಕಡಿಮೆಯಿದ್ದರೆ ಸವೆದ ನಾಣ್ಯವಿರಬೇಕು, ಇಲ್ಲವೇ ಖೋಟಾ. ಆಗ ಖೋಟಾ ಅರ್ಧ ಪೆನ್ನಿಗಳ ಹಾವಳಿ ಅಷ್ಟಿಷ್ಟಲ್ಲ. ಓರೆ ಬೆಳಕಿನಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಬೋಳಾಗಿ ಕಂಡ ಮೈಮೇಲೆ ನಾಣ್ಯದ ಹಿಂಬದಿಯಲ್ಲಿ ಕುಳಿತ ಬ್ರಿಟಾನಿಯಾ ದೇವಿಯ ಮೊಣಕಾಲೋ ದೊರೆಯ ಕತ್ತಿನ ಗೆರೆಯೋ ಮೆಲ್ಲಗೆ ಏಳುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದಿರೋ, ಅದೂ ಹೋಯಿತು. ಸವೆದ ನಾಣ್ಯದ ಚಿತ್ರ ಎಷ್ಟೋ ಸಲ ಉಳಿದಿರುವುದು ಕಿಲುಬಿನ ಪದರದಲ್ಲೇ.

ಬೆನ್ನಿನ ನಡುವೆ ಬೆಸುಗೆಯ ಕಲೆ ಇದ್ದರೆ ಅದು ಕೊಂಡಿ ಕಳಚಿದ ಅಂಗಿಗುಂಡಿ. ಎರಡು ತೂತು, ಗರಗಸದಂಥ ಅಂಚು ಇದ್ದರೆ ದಾರ ಪೋಣಿಸಿ ಗುಂಯ್‌ಗುಡಿಸುವ ಆಟಿಕೆ. ನಮ್ಮ ಹುಡುಗರು ಗುಂಡಿಯಲ್ಲಿ ಮಾಡಿಕೊಳ್ಳುವಂಥದ್ದೇ.

ಇನ್ನು ಅಂಚು. ನನಗೆ ಇದೇ ಹೆಚ್ಚು ರುಚಿ. ಕತ್ತರಿಯಲ್ಲಿ ಕತ್ತರಿಸಿದ ತಗಡು ಪೂರ್ತಿ ದುಂಡಗಾಗುವುದಿಲ್ಲ. ಸಣ್ಣ ಸಣ್ಣ ನೇರ ಗೆರೆಗಳು ಸೇರಿ ಸುತ್ತು ಮುಗಿಸುತ್ತವೆ, ಅಂಚು ಒಂದು ಬದಿಗೆ ತುಸು ಬಾಗಿರುತ್ತದೆ. ಬಿಡಾರದಲ್ಲಿ ತಾಮ್ರಕ್ಕೇನು ಬರ? ತೂತುಬಿದ್ದ ಕೆಟಲ್ ಇತ್ತು, ಮದ್ದಿನ ಪೀಪಾಯಿಯ ಪಟ್ಟಿ ಇತ್ತು (ಕಬ್ಬಿಣವಾದರೆ ಕಿಡಿ ಹಾರೀತೆಂದು ತಾಮ್ರ ಬಳಸುತ್ತಿದ್ದರು). ಹಾಗೆ ಕತ್ತರಿಸಿದ ಅಂಚು ಆಮೇಲೆ ಬೆರಳಾಡಿ ನುಣುಪಾಗಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಗಲೂ ಅದು ಹಣದ ಬದಲು ನಡೆದದ್ದು ಎನ್ನುವುದಕ್ಕಿಂತ ಜೂಜಿನ ಕಾಯಿ ಎನ್ನುವುದೇ ವಾಸಿ. 1778ರ ಜನವರಿಯಲ್ಲಿ ಅಮೆರಿಕನ್ ಸೇನೆಯ ಬಿಡಾರವಿದ್ದ ವ್ಯಾಲಿ ಫೋರ್ಜ್‌ನಲ್ಲಿ ಸೇನಾಪತಿ ವಾಷಿಂಗ್ಟನ್ ಇಸ್ಪೀಟು, ದಾಳಗಳನ್ನು ನಿಷೇಧಿಸಿದ್ದ. ನಿಷೇಧ ಬೇಕಾಯಿತೆಂದರೆ ಆಟ ಜೋರಾಗಿಯೇ ನಡೆದಿತ್ತು ಅಂತ ತಾನೆ?

ಬಿಲ್ಲೆಯ ಮೇಲೆ ಗೀಚಿದ ಅಂಕಿ ಕಂಡೊಡನೆ ಪಲ್ಟಣದ ಹೆಸರು ಹೇಳುವವರಿದ್ದಾರೆ. 71 ಎಂದಿದೆ ಅನ್ನಿ. ಯಾವ 71? 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಶರಣಾದ 71ನೆಯ ಪಲ್ಟಣ ಯುದ್ಧ ಮುಗಿದ ಮೇಲೆ ವಿಸರ್ಜನೆಯಾಯಿತು. 1791ರಲ್ಲಿ ಅದೇ ಕಾರ್ನ್‌ವಾಲಿಸನ ಹಿಂದೆ ಬೆಂಗಳೂರಿನ ಮುತ್ತಿಗೆಗೆ ಬಂದದ್ದು, 1786ರಲ್ಲಿ ಆ ಸಂಖ್ಯೆ ಪಡೆದ ಬೇರೆಯೇ ಪಲ್ಟಣ.