ಬ್ಯಾರಲ್ ಬಾಯಿಯ ಕೈಪಂಪು

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದ ಉಮದಿ, ಸಂಖದಂಥ ಕನ್ನಡ ಮಾತಿನ ಊರುಗಳ ಬರದ ನೆಲದಲ್ಲಿ, ಸುಮಾರು 200 ಲೀಟರಿನ ಬ್ಯಾರಲ್ಲಿನಿಂದ ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸಲು ವಿದ್ಯುತ್ತನ್ನು ಕಾಯದೆ ಒದಗುವ ಸಾಧನವೆಂದರೆ ಎರಕದ ಕಬ್ಬಿಣದ ತಿರುಗುವ ಕೈಪಂಪು. ಅದರ ದುಂಡು ಒಡಲಿನೊಳಗೆ ನಡುವಿನಿಂದ ತುಸು ಸರಿದು ಕೂತ ಗಾಲಿಯಿದ್ದು, ಅದರ ಸೀಳುಗಳಲ್ಲಿ ಜಾರುವ ಪಟ್ಟಿಗಳು ಗೋಡೆಯನ್ನು ಸವರುತ್ತ, ಒಂದೆಡೆ ಜಾಗ ಹಿಗ್ಗಿಸಿ ಡೀಸೆಲ್ಲನ್ನು ಹೀರಿ, ಇನ್ನೊಂದೆಡೆ ಜಾಗ ಕುಗ್ಗಿಸಿ ಹೊರದೂಡುತ್ತವೆ. ಸಾಗಿಸುವ ಡೀಸೆಲ್ಲೇ ಆ ಪಟ್ಟಿಗಳಿಗೆ ಜಾರೆಣ್ಣೆಯೂ ಆಗುವುದು ಈ ರಚನೆಯ ಅತ್ಯಂತ ಸೊಗಸಾದ ಗುಣ. ಮೊದಲ ಸುತ್ತುಗಳಲ್ಲಿ ಹಗುರವಾಗಿದ್ದ ಹಿಡಿಕೆ, ಕೊಳವೆಯಲ್ಲಿ ಡೀಸೆಲ್ ಏರುತ್ತಿದ್ದಂತೆ ಅಂಗೈಗೆ ಭಾರವಾಗಿ ತಾಗುತ್ತದೆ.

ಕೊಳ್ಳುವವರು ಬಣ್ಣಕ್ಕಿಂತ ಮೊದಲು ಬ್ಯಾರಲ್ಲಿನ ಎರಡು ಇಂಚಿನ ಬಾಯಿಗೆ ತಿರುಪು ಸರಿಯಾಗಿ ಕೂಡುವುದೇ ಎಂಬುದನ್ನೂ, ಸೋರಿಕೆ ತಡೆಯುವ ಸೀಲು ಡೀಸೆಲ್ಲಿಗೆ ಉಬ್ಬದ ನೈಟ್ರೈಲ್ ರಬ್ಬರಿನದೇ ಎಂಬುದನ್ನೂ ನೋಡಬೇಕು. ಹೀರುಕೊಳವೆ ತಳಕ್ಕೆ ತಾಗದೆ ತುಸು ಮೇಲೆ ನಿಲ್ಲುವಂತಿರುವುದು ಜಾಣ ರಚನೆ, ಏಕೆಂದರೆ ಡೀಸೆಲ್ಲಿಗಿಂತ ಭಾರವಾದ ನೀರೂ ಕೆಸರೂ ತಳದಲ್ಲೇ ಉಳಿಯುತ್ತವೆ. ಪಂಪು ಎಷ್ಟೇ ಚೆನ್ನಾಗಿರಲಿ, ಗಾಳಿ ಒಳಬರಲೆಂದು ಬ್ಯಾರಲ್ಲಿನ ಸಣ್ಣ ಬಿರಡೆಯನ್ನು ಸಡಿಲಿಸಬೇಕು. ಪೆಟ್ರೋಲಿನ ಆವಿ ಚಿಕ್ಕ ಕಿಡಿಗೂ ಹೊತ್ತಿಕೊಳ್ಳುವುದರಿಂದ, ಡೀಸೆಲ್ಲಿಗೆಂದು ಮಾಡಿದ ಪಂಪನ್ನು ಪೆಟ್ರೋಲಿಗೆ ಬಳಸಲೇಬಾರದು.