ಒರೆಸುವ ಮುನ್ನ ನೀರು

ಕಪ್ಪು ಅಥವಾ ಕಡುನೀಲಿ ಕಾರೊಂದನ್ನು ಸಂಜೆಯ ಇಳಿಬಿಸಿಲಿಗೆ ನಿಲ್ಲಿಸಿ, ಬಾನೆಟ್ ಮೇಲೆ ಸೂರ್ಯನ ಬಿಂಬ ಬಿದ್ದ ಕಡೆ ಬಗ್ಗಿ ನೋಡಿ. ಬಿಂಬದ ಸುತ್ತ ಕೂದಲೆಳೆಯಂಥ ಗೀರುಗಳು ಒಂದರೊಳಗೊಂದು ಸುತ್ತಿಕೊಂಡು ಕಾಣುತ್ತವೆ. ನೀವು ಸರಿದರೆ ಆ ಸುತ್ತೂ ಸರಿಯುತ್ತದೆ. ಗೀರುಗಳು ನಿಜವಾಗಿ ಸುತ್ತಾಗಿಲ್ಲ, ಎಲ್ಲ ದಿಕ್ಕಿಗೂ ಚೆಲ್ಲಾಡಿವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಹಾಗೆ ಕಾಣುತ್ತದೆ. ವರ್ಷ ತುಂಬದ ಕಾರುಗಳಲ್ಲೂ ಇದನ್ನು ನೋಡಿ ಹೊಟ್ಟೆ ಉರಿದಿದೆ. ಮಾಲೀಕರು ಬಿಸಿಲನ್ನು ಬೈಯುತ್ತಾರೆ, ಧೂಳನ್ನು ಬೈಯುತ್ತಾರೆ. ಧೂಳು ತನ್ನ ಪಾಡಿಗೆ ತಾನು ಕೂತಿದ್ದರೆ ಬಣ್ಣಕ್ಕೆ ಏನೂ ಆಗುವುದಿಲ್ಲ. ಅದರ ಮೇಲೆ ನಾವು ಬಟ್ಟೆ ಆಡಿಸುತ್ತೇವಲ್ಲ, ಕೆಡುವುದು ಆಗ.

ಕಾರನ್ನು ದಿನಾ ಒರೆಸಲೇಬೇಕು ಎಂಬ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅಪಾರ್ಟ್‌ಮೆಂಟಿಗೆ ಬೆಳಿಗ್ಗೆ ಆರಕ್ಕೆ ಬರುವ ಹುಡುಗ ಒಂದು ಬಕೆಟ್, ಒಂದು ಬಟ್ಟೆ ಹಿಡಿದು ಎಂಟರೊಳಗೆ ಸಾಲು ಸಾಲು ಕಾರು ಮುಗಿಸಬೇಕು. ಅವನನ್ನು ದೂರಿ ಪ್ರಯೋಜನವಿಲ್ಲ. ನಾವು ಕೊಡುವ ಸಂಬಳಕ್ಕೆ, ನೀರಿಗೆ ಅಷ್ಟೇ ಸಾಧ್ಯ. ಮೂರನೆಯ ಕಾರಿನ ಹೊತ್ತಿಗೆ ಆ ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿ, ಮರಳು ಸಿಗುತ್ತದೆ. ಬೆಂಗಳೂರಿನ ಧೂಳಿನಲ್ಲಿ ಈಗ ಎಂ ಸ್ಯಾಂಡ್ ಪುಡಿಯೂ ಸೇರಿದೆ. ಹೊಳೆಯಲ್ಲಿ ಉರುಳಿ ನುಣುಪಾದ ಮರಳಲ್ಲ ಅದು, ಬಂಡೆ ಒಡೆದು ಮಾಡಿದ್ದು, ಅಂಚು ಚೂಪು. ಸಿಗ್ನಲ್ಲಿನಲ್ಲಿ ಮಾರುವ ಹಳದಿ ಬಟ್ಟೆಯಿಂದ ಅದನ್ನು ಒಣಗಿದ್ದಾಗಲೇ ತಿಕ್ಕಿದರೆ ಇನ್ನೇನಾದೀತು? ಹುಡುಗನಿಗೆ ನಾನು ಹೇಳುವುದು ಇಷ್ಟೇ: ‘ಗಾಜು ಮಾತ್ರ ಒರೆಸಪ್ಪ, ಬಾಡಿ ಮುಟ್ಟಬೇಡ.’ ಸಂಬಳ ಪೂರ್ತಿ ಕೊಡುತ್ತೇನೆ.

ಹೀಗೆ ಕಾಯಬೇಕಾದ ವಸ್ತು ಎಷ್ಟು ತೆಳು ಎಂದು ಗೊತ್ತಾದರೆ ಯಾರ ಕೈಯೂ ಹಗುರಾಗುತ್ತದೆ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಕಂಪನಿಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿದರೂ ಸುಮಾರು 100ರಿಂದ 130 ಮೈಕ್ರಾನ್. ಪ್ರಿಂಟರಿಗೆ ಹಾಕುವ ಎ4 ಹಾಳೆಯ ದಪ್ಪ ಅಷ್ಟೇ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸಾಮಾನ್ಯವಾಗಿ 40–50 ಮೈಕ್ರಾನ್. ಹೊಳಪು ಇರುವುದು ಅಲ್ಲಿ, ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕ ಇರುವುದೂ ಅಲ್ಲಿ. ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಪಾಲಿಶ್ ಹಾಕಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಏಕೆಂದರೆ ಮೇಲೆ ಬೇರೆ ಪದರ ಇರಲಿಲ್ಲ. ಇಂದಿನ ಕಾರಿನಲ್ಲಿ ಬಟ್ಟೆಗೆ ಬಣ್ಣ ಹತ್ತಿತೆಂದರೆ ಕ್ಲಿಯರ್ ಕೋಟ್ ಮುಗಿದಿದೆ ಎಂದರ್ಥ. ತಕ್ಷಣ ನಿಲ್ಲಿಸಬೇಕು.

ಆದ್ದರಿಂದ ಒರೆಸುವ ಮುನ್ನ ನೀರು. ಕಾರು ನೆರಳಿನಲ್ಲಿರಬೇಕು, ಬಾನೆಟ್ ಆರಿರಬೇಕು. ಮೊದಲು ಮೇಲಿನಿಂದ ನೀರು ಸುರಿದು ಇಳಿಯುವಷ್ಟು ಧೂಳನ್ನು ಇಳಿಸಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಶಾಂಪೂವಿನಲ್ಲಿ ಅದ್ದಿದ ಮೈಕ್ರೋಫೈಬರ್ ಕೈಗವಸಿನಿಂದ ಒಂದು ಬಾಗಿಲು ತೊಳೆದ ಮೇಲೆ ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂ. ರೂಫಿನಿಂದ ಶುರು, ಬಂಪರ್ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ; ಚಕ್ರಕ್ಕೆ ಬೇರೆಯದೇ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಎಣ್ಣೆ ಜಿಡ್ಡಿನ ಜೊತೆ ಹಾಕಿದ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ. ಒಣಗಿಸುವಾಗ ತಿಕ್ಕಬಾರದು. ದೊಡ್ಡ ಮೈಕ್ರೋಫೈಬರ್ ಟವೆಲ್ ಹರಡಿ, ಒತ್ತಿ, ಎತ್ತಿದರೆ ಸಾಕು.

ನೀರಿನ ಗುಣದ ಬಗ್ಗೆ ನಮ್ಮಲ್ಲಿ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಸಿಲಿಗೆ ಒಣಗಿ ಬಿಳಿ ಉಂಗುರವಾಗಿ ಕೂರುತ್ತವೆ. ಹೊಸದಿದ್ದಾಗ ನೀರು ಬೆರೆಸಿದ ವಿನಿಗರ್‌ಗೆ ಕರಗಿ, ತೊಳೆದರೆ ಹೋಗುತ್ತವೆ. ತಿಂಗಳಾದ ಮೇಲೆ ಪಾಲಿಶ್ಶೇ ಗತಿ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂದು ಎಷ್ಟೋ ಮನೆಗಳಲ್ಲಿ ಕಾರಿಗೆ ಹಿಡಿದಿಡುತ್ತಾರೆ. ಉದ್ದೇಶ ಒಳ್ಳೆಯದು, ಆದರೆ ಶೋಧಿಸಿ ಬಿಟ್ಟ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಅದು ಬಚ್ಚಲು ತೊಳೆಯಲಿಕ್ಕೆ ಇರಲಿ. ಕಾರಿಗೆ ಮಳೆನೀರಿನಂಥದ್ದು ಇನ್ನೊಂದಿಲ್ಲ. ಚಾವಣಿಯ ಮಳೆನೀರು ಕೊಯ್ಲಿನ ತೊಟ್ಟಿಯಿಂದ ಅರ್ಧ ಬಕೆಟ್ ತೆಗೆದಿಟ್ಟು ಕೊನೆಗೊಮ್ಮೆ ಸುರಿದರೆ ಒಂದು ಕಲೆಯೂ ಉಳಿಯದು. ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲೂ ಲವಣವಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತು. ಕಾರನ್ನು ಪ್ರೀತಿಸುವವರಿಗೆ ಆ ಆದೇಶ ಎಂದೂ ಭಾರವಾಗಬಾರದಿತ್ತು. ಈಗಂತೂ ಪಾಲಿಮರ್ ಬೆರೆಸಿದ, ಮತ್ತೆ ತೊಳೆಯಬೇಕಿಲ್ಲದ ದ್ರಾವಣಗಳು ಸಿಗುತ್ತವೆ. ಧೂಳು ಹಗುರವಾಗಿದ್ದರೆ ಒಂದೇ ಬಕೆಟ್‌ನಲ್ಲಿ ಇಡೀ ಕಾರು ಮುಗಿಯುತ್ತದೆ.

ತೊಳೆದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ. ಬರಿಗೈಗೆ ನುಣುಪೆನಿಸಿದ್ದು ಕವರಿನೊಳಗಿನ ಬೆರಳಿಗೆ ತರಿತರಿ ಎನ್ನುತ್ತದೆ. ಬ್ರೇಕಿನಿಂದ ಸಿಡಿದ ಕಬ್ಬಿಣದ ಪುಡಿ, ಟಾರು, ಮರದ ಅಂಟು ಅಲ್ಲಿ ಕಚ್ಚಿಕೊಂಡಿರುತ್ತವೆ. ಜಾರುವ ದ್ರಾವಣ ಸಿಂಪಡಿಸಿ, ಕ್ಲೇ ಎಂಬ ಜೇಡಿಯಂಥ ಮುದ್ದೆ ಆಡಿಸಿದರೆ ಎದ್ದು ಬರುತ್ತವೆ. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ.

ಪಾಲಿಶ್ ವಿಷಯದಲ್ಲಿ ನಾನು ಜಿಪುಣ. ಪಾಲಿಶ್ ಎಂದರೆ ಏನನ್ನೋ ಬಳಿಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕೆರೆದು ತೆಗೆಯುವ ಕೆಲಸ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ತಳದ ಮಟ್ಟಕ್ಕೆ ಇಳಿಸಿದಾಗ ಗೀರು ಮಾಯವಾಗುತ್ತದೆ. ನವಿರಾದ ಪಾಲಿಶ್ ಒಂದೆರಡು ಮೈಕ್ರಾನ್ ತಿನ್ನುತ್ತದೆ, ಒರಟಾದ ಕಾಂಪೌಂಡ್ ಇನ್ನೂ ಹೆಚ್ಚು. ತಿಂದದ್ದು ಮರಳಿ ಬರುವುದಿಲ್ಲ. ಕೆಲವು ಗ್ಯಾರೇಜುಗಳಲ್ಲಿ ಉಣ್ಣೆ ಪ್ಯಾಡ್ ಹಾಕಿದ ರೋಟರಿ ಯಂತ್ರವನ್ನು ಅರ್ಧ ಗಂಟೆ ಓಡಿಸಿ, ಎಣ್ಣೆಯಂಶದ ಕಾಂಪೌಂಡಿನಿಂದ ಗೀರು ತುಂಬಿಸಿ ಕೊಡುತ್ತಾರೆ. ಆ ದಿನ ಕನ್ನಡಿಯೇ ಸರಿ. ನಾಲ್ಕು ಸಲ ತೊಳೆದ ಮೇಲೆ ಹಳೆಯ ಗೀರುಗಳ ಜೊತೆಗೆ ಯಂತ್ರ ಎಬ್ಬಿಸಿದ ಹೊಸ ಸುಳಿಗಳೂ ಎದ್ದು ನಿಲ್ಲುತ್ತವೆ. ಮನೆಯಲ್ಲಿ ಮಾಡುವುದಾದರೆ ಡ್ಯುಯಲ್ ಆಕ್ಷನ್ ಯಂತ್ರ ಮೇಲು. ಪ್ಯಾಡ್ ತಿರುಗುತ್ತಲೇ ಅಲುಗಾಡುವುದರಿಂದ ಒಂದೇ ಜಾಗ ಸುಲಭಕ್ಕೆ ಕಾಯುವುದಿಲ್ಲ. ಎರಡಡಿ ಚೌಕ ಹಿಡಿದು, ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್ ಇಟ್ಟು, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವಂತೆ ನಿಧಾನ ಸಾಗಬೇಕು. ಬಾಗಿಲಂಚು, ಬಾನೆಟ್ಟಿನ ಮಡಿಕೆಗಳಲ್ಲಿ ಪದರ ತೆಳುವಾಗಿರುತ್ತದೆ, ಅಲ್ಲಿಗೆ ಮಾಸ್ಕಿಂಗ್ ಟೇಪ್. ಉಗುರಿಗೆ ಸಿಗುವಷ್ಟು ಆಳದ ಗೀರನ್ನು ಹಾಗೇ ಬಿಡಿ. ಅದನ್ನು ಬೆನ್ನಟ್ಟಿ ಕ್ಲಿಯರ್ ಕೋಟ್ ಕಳೆದುಕೊಂಡರೆ ಕೆಲವೇ ವರ್ಷಗಳಲ್ಲಿ ಪದರ ಸುಲಿಯುತ್ತದೆ.

ವ್ಯಾಕ್ಸ್ ನನಗೆ ಇಷ್ಟದ ಘಟ್ಟ. ಕಾರ್ನೌಬಾ ವ್ಯಾಕ್ಸ್ ಬರುವುದು ಈಶಾನ್ಯ ಬ್ರೆಜಿಲ್‌ನ ಪಿಯಾವೀ, ಸಿಯಾರಾ ರಾಜ್ಯಗಳಲ್ಲಿ ಬೆಳೆಯುವ ತಾಳೆ ಜಾತಿಯ ಮರದಿಂದ. ಒಣನಾಡಿನ ಬಿಸಿಲಿಗೆ ನೀರು ಆರಿಹೋಗದಂತೆ ಮರ ತನ್ನ ಎಲೆಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. ಗರಿ ಕಡಿದು ಒಣಗಿಸಿ ಬಡಿದರೆ ಪುಡಿಯಾಗಿ ಉದುರುತ್ತದೆ. ಕರಗಬೇಕಾದರೆ 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಬರೀ ಕಾರ್ನೌಬಾ ಕಲ್ಲಿನಷ್ಟು ಗಟ್ಟಿ, ಎಣ್ಣೆ ಮತ್ತು ಬೇರೆ ಮೇಣಗಳ ಜೊತೆ ಬೆರೆಸಿಯೇ ಡಬ್ಬಿಗೆ ತುಂಬುತ್ತಾರೆ. ಫೋಮ್ ಪ್ಯಾಡಿನಲ್ಲಿ ಕಂಡೂ ಕಾಣದಷ್ಟು ತೆಳ್ಳಗೆ ಹಚ್ಚಿ, ಮಬ್ಬು ಕಟ್ಟಿದ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಹದ. ದಪ್ಪಗೆ ಮೆತ್ತಿದ್ದು ಬಟ್ಟೆಗೇ ಹೋಗುತ್ತದೆ, ಬಣ್ಣಕ್ಕೆ ದಕ್ಕುವುದಿಲ್ಲ. ನಮ್ಮ ಬಿಸಿಲು–ಮಳೆಗೆ ಅದು ಎರಡು ತಿಂಗಳು ಬಾಳಿದರೆ ಹೆಚ್ಚು. ಸಿರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬಾಳುತ್ತದೆ, ಒಪ್ಪುತ್ತೇನೆ. ಆದರೆ ಅದರ ಜಾಹೀರಾತಿನ ‘9ಎಚ್’ ಪೆನ್ಸಿಲ್ ಮೊನೆಯಿಂದ ಅಳೆದ ಗಡಸುತನ. ಲಾರಿ ಚಕ್ರದಿಂದ ಸಿಡಿದ ಜಲ್ಲಿಯ ಮುಂದೆ ಅದು ನಿಲ್ಲದು. ಕಡುಕೆಂಪು, ಕಪ್ಪು ಕಾರುಗಳಿಗೆ ಕಾರ್ನೌಬಾ ಕೊಡುವ ತುಂಬುಗಣ್ಣಿನ ಮೆರುಗನ್ನು ನಾನು ಬೇರೆಲ್ಲೂ ಕಂಡಿಲ್ಲ.

ವ್ಯಾಕ್ಸ್ ಬಣ್ಣದ ಬದಲು ತಾನು ಸವೆಯುತ್ತದೆ. ಮಾವು ಹೂಬಿಟ್ಟಾಗ ಮರದಡಿ ನಿಂತ ಕಾರಿನ ಮೇಲೆಲ್ಲ ಜಿಗಿಹುಳು ಸುರಿಸುವ ಅಂಟು ವ್ಯಾಕ್ಸ್ ಇದ್ದರೆ ನೀರಿಗೇ ಬಿಡುತ್ತದೆ. ಹಕ್ಕಿ ಹಿಕ್ಕೆಗೆ ಮಾತ್ರ ಕಾಯಬಾರದು. ಬಿಸಿಲಿಗೆ ಮೆದುವಾದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುವಾಗ ಗಟ್ಟಿಯಾದ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಬೇಕು.

ಆಯುಧಪೂಜೆಯ ದಿನಕ್ಕೂ ಸಿದ್ಧತೆ ಬೇಕು. ಹಿಂದಿನ ಭಾನುವಾರವೇ ತೊಳೆದು ವ್ಯಾಕ್ಸ್ ಹಾಕಿಡಿ. ಅರಿಶಿನ, ಕುಂಕುಮವನ್ನು ಗಾಜಿಗೂ ನಂಬರ್ ಪ್ಲೇಟಿಗೂ ಇಡಿ. ಬಿಳಿ ಕಾರಿನ ಬಾನೆಟ್ಟಿಗೇ ಇಡಬೇಕೆಂದು ಮನೆಯ ಹಿರಿಯರು ಅಂದರೆ ಇಡಲಿ, ಮರುದಿನ ಬೆಳಿಗ್ಗೆ ನೀರು ಸುರಿದು ಇಳಿಸಿ, ಒಣಗಿದ್ದನ್ನು ಉಜ್ಜಬೇಡಿ. ಎಲ್ಲಕ್ಕಿಂತ ಜೋಪಾನ ಬೇಕಾದದ್ದು ಬಾಳೆಕಂದಿಗೆ. ಅದರ ಸೊನೆ ಬಟ್ಟೆಯ ಮೇಲೆ ಬಿದ್ದರೆ ಹೋಗುವುದಿಲ್ಲ ಎಂಬುದು ಗೊತ್ತಿದ್ದೂ, ಕಡಿದ ಕೂಡಲೇ ತಂದು ಬಂಪರಿಗೆ ಕಟ್ಟುತ್ತೇವೆ. ಹಿಂದಿನ ರಾತ್ರಿಯೇ ಕಡಿದು, ಬುಡ ಕೆಳಗೆ ಮಾಡಿ ಗೋಡೆಗೆ ಒರಗಿಸಿಡಿ. ಬೆಳಿಗ್ಗೆ ಬುಡಕ್ಕೆ ಪ್ಲಾಸ್ಟಿಕ್ ಸುತ್ತಿ, ಹಗ್ಗದ ಅಡಿಗೆ ಮೆತ್ತನೆಯ ಬಟ್ಟೆ ಕೊಟ್ಟು ಕಟ್ಟಿ.